ಟ್ಯಾಂಕಿನ ಚಿತ್ತಾರ: ಮೀಮಾಂಸೆಯ ಧಾಟಿಯ ಒಂದು ಅಧಿಕರಣ

ವಿಷಯ: ಬೈಕಿನ ಟ್ಯಾಂಕು, ಸೈಡ್ ಪ್ಯಾನೆಲ್, ಮಡ್‌ಗಾರ್ಡುಗಳನ್ನು ಬಿಚ್ಚಿ ಮನೆಯಲ್ಲೇ ಚಿತ್ತಾರ ಬರೆಯುವುದು.

ಸಂಶಯ: ಇದಕ್ಕೆ ಬೈಕಿನ ಒಡೆಯ ಅಧಿಕಾರಿಯೋ, ಪೇಂಟರ್ ಮಾತ್ರವೋ?

ಪೂರ್ವಪಕ್ಷ: ಪೇಂಟರ್ ಮಾತ್ರ. ಕೈಗೆರೆ ಅಂಕುಡೊಂಕಾಗುತ್ತದೆ, ಸ್ಟಿಕ್ಕರ್ ಇದ್ದೇ ಇದೆ. ಚೆಲ್ಲಿದ ಪೆಟ್ರೋಲು ಮನೆಯಲ್ಲಿ ಬಳಿದ ಬಣ್ಣವನ್ನು ತಿನ್ನುತ್ತದೆ. ಸಾಲದ್ದಕ್ಕೆ ಆರ್‌ಟಿಒ ಕಾಟ.

ಸಿದ್ಧಾಂತ: ಕೆಲಸ ಒಂದಲ್ಲ, ಮೂರು: ಮೈ ಹದಮಾಡುವುದು, ಗೆರೆ ಎಳೆಯುವುದು, ಮೇಲೆ ಕ್ಲಿಯರ್ ಎಂಬ ಪಾರದರ್ಶಕ ಲೇಪ ಹೊಡೆಯುವುದು. ಮೊದಲೆರಡಕ್ಕೆ ಒಡೆಯ ಅಧಿಕಾರಿ, ಮೂರನೆಯದಕ್ಕೆ ಅಲ್ಲ.

ಗೆರೆಯ ಆಕ್ಷೇಪ ನಿಲ್ಲದು. ಚೆನ್ನೈಯಲ್ಲಿ ತಯಾರಾಗುವ ಬುಲೆಟ್ಟಿನ ಟ್ಯಾಂಕಿಗೆ ಚಿನ್ನದ ಗೆರೆ ಕುಂಚದಿಂದ, ಕೈಯಲ್ಲೇ ಎಳೆದದ್ದೆಂಬುದು ಪ್ರಸಿದ್ಧ. ಟ್ಯಾಂಕು ಎರಡು ದಿಕ್ಕಿಗೂ ಬಾಗಿರುವುದರಿಂದ ಸ್ಟಿಕ್ಕರ್ ಅಂಚಿನಲ್ಲಿ ಸುಕ್ಕಾಗಿ ಏಳುತ್ತದೆ. ಉದ್ದಕೂದಲಿನ ಕುಂಚ ಆ ಬಾಗನ್ನೇ ಹಿಡಿದು ಸಾಗುತ್ತದೆ.

ಹಾಗಾದರೆ ಮನೆಯ ಚಿತ್ತಾರ ಸುಲಿಯುವುದೇಕೆ? ಚಿತ್ತಾರ ಪ್ರಧಾನ, ಉಜ್ಜುವುದು ಬರೀ ಅಂಗ ಎಂದು ಅವಸರಪಡುವುದರಿಂದ. ನಿತ್ಯಕರ್ಮದಲ್ಲಿ ಅಂಗ ತುಸು ತಪ್ಪಿದರೂ ಕರ್ಮ ಕೆಡದು. ಫಲ ಬಯಸಿ ಮಾಡುವ ಕಾಮ್ಯದಲ್ಲಿ ಅಂಗ ತಪ್ಪಿದರೆ ಫಲವಿಲ್ಲ ಎನ್ನುತ್ತಾರೆ ಮೀಮಾಂಸಕರು. ಬೈಕು ತೊಳೆಯುವುದು ನಿತ್ಯ, ಚಿತ್ತಾರ ಕಾಮ್ಯ. ಆದ್ದರಿಂದ ಮೇಣ, ಎಣ್ಣೆಜಿಡ್ಡು ತೆಗೆಯಬೇಕು. 400, ಆಮೇಲೆ 600 ನಂಬರಿನ ವಾಟರ್ ಪೇಪರಿನಿಂದ ಉಜ್ಜಬೇಕು. ತಗಡು ಕಂಡಲ್ಲೆಲ್ಲ ಪ್ರೈಮರ್ ಕೊಟ್ಟು ಬೇಸ್ ಬಣ್ಣ ಹೊಡೆಯಬೇಕು. ಮಳೆಗಾಲ ವರ್ಜ್ಯ: ಥಿನ್ನರ್ ಆರುವಾಗ ಮೈ ತಣ್ಣಗಾಗಿ, ಗಾಳಿಯ ತೇವ ಕೂತು, ಲ್ಯಾಕರ್ ಬಿಳಿಚಿಕೊಳ್ಳುತ್ತದೆ. ಖಾಲಿ ಟ್ಯಾಂಕಿನಲ್ಲೂ ಪೆಟ್ರೋಲಿನ ಆವಿ ಇರುತ್ತದೆ. ಹತ್ತಿರ ಬೆಂಕಿ ಕೂಡದು.

ಪೆಟ್ರೋಲಿನ ಆಕ್ಷೇಪ ಅರ್ಧ ಸತ್ಯ. ಸಾಧಾರಣ ಸ್ಪ್ರೇ ಡಬ್ಬಿಯ ಲ್ಯಾಕರ್ ಪೆಟ್ರೋಲಿಗೆ ಕರಗೀತು. ಹಾರ್ಡನರ್ ಬೆರೆಸಿದ 2ಕೆ ಕ್ಲಿಯರ್ ತಾಳುತ್ತದೆ. ಆದರೆ ಅದರ ಐಸೊಸಯನೇಟ್ ಮಂಜು ಉಸಿರಿನೊಂದಿಗೆ ಒಳಹೋದರೆ ಆಸ್ತಮಾ ತಂದೀತು, ಬಟ್ಟೆಯ ಮಾಸ್ಕು ತಡೆಯದು. ಹಾಗಾಗಿ ಈ ಹಂತ ಸ್ಪ್ರೇ ಬೂತ್ ಇರುವ ಅಂಗಡಿಯದು. ಎನಾಮೆಲ್ ಗೆರೆ ಪೂರ್ತಿ ಒಣಗಿದ ಮೇಲೆಯೇ ಒಯ್ಯಬೇಕು. ಹಸಿಯಿದ್ದರೆ ಕ್ಲಿಯರಿನ ಅಡಿ ಸುಕ್ಕುಗಟ್ಟುತ್ತದೆ.

ಮೂರನೆಯ ಆಕ್ಷೇಪ ಕಾನೂನಿನದು. ಆರ್‌ಸಿಯಲ್ಲಿ ವಾಹನದ ಬಣ್ಣ ದಾಖಲಾಗಿರುತ್ತದೆ. ಮೂಲ ಬಣ್ಣವನ್ನೇ ಬದಲಿಸುವವರು ಆರ್‌ಟಿಒಗೆ ತಿಳಿಸಿ ದಾಖಲೆ ತಿದ್ದಿಸಲಿ. ಆ ಬಣ್ಣ ಉಳಿಸಿ ಅಂಚಿಗೆ ಬಳ್ಳಿ ಬರೆದರೆ ದಾಖಲೆ ಸುಳ್ಳಾಗದು.

ನಿಷೇಧ: ಬ್ರೇಕ್ ಡಿಸ್ಕಿಗೆ ಬಣ್ಣ ತಾಗಕೂಡದು, ಹಿಡಿತ ಕೆಡುತ್ತದೆ. ನಂಬರ್ ಪ್ಲೇಟಿಗೆ ಚಿತ್ತಾರ ಸಲ್ಲದು. ಹೆಲ್ಮೆಟ್ಟಿಗೂ ಬೇಡ; ಥಿನ್ನರ್ ಅದರ ಪ್ಲಾಸ್ಟಿಕ್ಕನ್ನು ದುರ್ಬಲಗೊಳಿಸಬಲ್ಲದು.

ನಿರ್ಣಯ: ಉಜ್ಜಲು ತಾಳ್ಮೆಯಿದ್ದವನಿಗೆ ಬರೆಯುವ ಅಧಿಕಾರವುಂಟು, ಉಜ್ಜಲು ಬೇಸರಪಡುವವನಿಗೆ ಸ್ಟಿಕ್ಕರೇ ಗತಿ.