ಮತ ಯಾರದು, ಕೈ ಯಾರದು?

ಚುನಾವಣೆಯ ಕಾಲ ಬಂತೆಂದರೆ ನಮ್ಮ ಹಿರಿಯರೂ ಕಿರಿಯರೂ ಚರ್ಚಿಸುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಮತವನ್ನು ಯಾರಿಗೆ ನೀಡಬೇಕು? ಈ ಪ್ರಶ್ನೆಯ ಮಹತ್ತ್ವವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅದರ ಬೆನ್ನಿಗೇ ಮತ್ತೊಂದು ಪ್ರಶ್ನೆಯಿದೆ. ಅದನ್ನು ನಾವು ಅಷ್ಟಾಗಿ ಕೇಳಿಕೊಳ್ಳುವುದಿಲ್ಲ. ಮತವನ್ನು ಹೇಗೆ ನೀಡಬೇಕು? ಎಲ್ಲಿ ನಿಂತು, ಯಾರ ಸಮ್ಮುಖದಲ್ಲಿ, ಯಾರ ಕೈಯಿಂದ? ಇದು ಅಧಿಕಾರಿಗಳು ನೋಡಿಕೊಳ್ಳಬೇಕಾದ ವ್ಯವಸ್ಥೆಯ ವಿಷಯ, ಇದರಲ್ಲಿ ನೀತಿಯ ವಿಚಾರವೇನಿದೆ ಎಂದು ನಾನೂ ಬಹುಕಾಲ ಭಾವಿಸಿದ್ದೆ. ನಮ್ಮ ಮನೆಯಲ್ಲಿಯೇ ನಡೆದ ಎರಡು ಪ್ರಸಂಗಗಳು ಆ ಭಾವನೆಯನ್ನು ತಿದ್ದಿದವು. ಅವುಗಳಲ್ಲಿ ಮೊದಲನೆಯದು ನನಗೆ ಕೀರ್ತಿ ತರುವಂಥದಲ್ಲ. ಆದರೂ ಅದನ್ನು ವಾಚಕರ ಮುಂದಿಡುವುದು ಉಚಿತವೆಂದು ತೋರಿದೆ.

ಮೊದಲು ಹಿನ್ನೆಲೆಯನ್ನು ಸ್ವಲ್ಪ ನೋಡೋಣ. ಸ್ವತಂತ್ರ ಭಾರತದ ಪ್ರಥಮ ಮಹಾಚುನಾವಣೆ 1951-52ರಲ್ಲಿ ನಡೆದಾಗ ಮತದಾರರಲ್ಲಿ ಬಹುಪಾಲು ಮಂದಿ ಅಕ್ಷರ ಬಲ್ಲವರಾಗಿರಲಿಲ್ಲ. ಆದುದರಿಂದ ಅಂದು ಪ್ರತಿಯೊಬ್ಬ ಅಭ್ಯರ್ಥಿಗೂ ಅವನ ಚಿಹ್ನೆಯನ್ನು ಅಂಟಿಸಿದ ಪ್ರತ್ಯೇಕ ಪೆಟ್ಟಿಗೆಯನ್ನು ಇಡಲಾಗಿತ್ತು. ಮತದಾರನು ಯಾವ ಗುರುತನ್ನೂ ಹಾಕದೆ, ತನಗೆ ಕೊಟ್ಟ ಚೀಟಿಯನ್ನು ತನ್ನ ಆಯ್ಕೆಯ ಪೆಟ್ಟಿಗೆಯೊಳಗೆ ಹಾಕಿ ಬಂದರೆ ಸಾಕಾಗಿತ್ತು. 1962ರ ಚುನಾವಣೆಯ ಹೊತ್ತಿಗೆ ಒಂದೇ ಚೀಟಿಯಲ್ಲಿ ಎಲ್ಲ ಅಭ್ಯರ್ಥಿಗಳ ಹೆಸರನ್ನೂ ಚಿಹ್ನೆಯನ್ನೂ ಮುದ್ರಿಸಿ, ಬೇಕಾದವರ ಎದುರು ಮುದ್ರೆಯೊತ್ತುವ ಪದ್ಧತಿ ದೇಶದ ಬಹುಭಾಗದಲ್ಲಿ ಬಳಕೆಗೆ ಬಂದಿತು. ನಮ್ಮ ಮೈಸೂರಿನಲ್ಲಿ ತಯಾರಾದ ಅಳಿಸಲಾಗದ ಶಾಯಿ ಮತದಾರರ ಬೆರಳನ್ನೇರಿದುದೂ ಅದೇ ವರ್ಷ. ಮತಯಂತ್ರದ ಪ್ರಯೋಗ 1982ರಲ್ಲಿ ಕೇರಳದ ಪರವೂರು ಕ್ಷೇತ್ರದ ಕೆಲವು ಮತಗಟ್ಟೆಗಳಲ್ಲಿ ಮೊದಲಾಯಿತು. 2004ರ ಲೋಕಸಭಾ ಚುನಾವಣೆಯಲ್ಲಿ ಅದು ದೇಶವನ್ನೆಲ್ಲ ವ್ಯಾಪಿಸಿತು.

ಪೆಟ್ಟಿಗೆ ಹೋಗಿ ಮುದ್ರೆ ಬಂತು, ಮುದ್ರೆ ಹೋಗಿ ಗುಂಡಿ ಬಂತು. ಆದರೆ ಇವೆಲ್ಲದರ ನಡುವೆ ಬದಲಾಗದೆ ಉಳಿದುದು ಒಂದು ಮರೆ. ಅದು ಬಟ್ಟೆಯದಾಗಿರಲಿ, ರಟ್ಟಿನದಾಗಿರಲಿ, ಅದರ ಹಿಂದೆ ಮನುಷ್ಯನು ಕೆಲವು ಕ್ಷಣ ಒಬ್ಬನೇ ಇರುತ್ತಾನೆ. ಒಡೆಯನಾಗಲಿ, ಗಂಡನಾಗಲಿ, ಸಾಲ ಕೊಟ್ಟವನಾಗಲಿ ಅಲ್ಲಿಗೆ ಬರುವಂತಿಲ್ಲ. ಆ ಮೊದಲ ಚುನಾವಣೆಯ ಮತದಾರರ ಪಟ್ಟಿಯಿಂದ ಸುಮಾರು 28 ಲಕ್ಷ ಸ್ತ್ರೀಯರ ಹೆಸರು ಬಿಟ್ಟುಹೋದುದು ಇತಿಹಾಸದಲ್ಲಿ ದಾಖಲಾಗಿದೆ. ಪರಪುರುಷರಿಗೆ ತಮ್ಮ ಹೆಸರನ್ನು ಹೇಳುವ ರೂಢಿಯಿಲ್ಲದ ಅವರು ಇಂಥವರ ಪತ್ನಿ, ಇಂಥವರ ಪುತ್ರಿ ಎಂದಷ್ಟೇ ಬರೆಯಿಸಿದ್ದರು. ಅಂದಿನ ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ್ ಸೇನ್ ಅವರು ಅಂಥ ನಮೂದುಗಳನ್ನು ಒಪ್ಪಲಿಲ್ಲ. ಅದು ಕಠೋರವಾದ ತೀರ್ಮಾನವೆಂದು ತೋರಬಹುದು. ಆದರೆ ಅದರ ಹಿಂದಿನ ತತ್ತ್ವ ಸ್ಪಷ್ಟವಾಗಿದೆ: ಮತ ಸಲ್ಲುವುದು ಮನೆಗಲ್ಲ, ವ್ಯಕ್ತಿಗೆ, ಮತ್ತೊಬ್ಬರ ಸಂಬಂಧಿಯಾಗಿ ಅಲ್ಲ, ತಾನಾಗಿ.

ನಮ್ಮ ತಾಯಿಯವರು 1937ರಲ್ಲಿ ಜನಿಸಿದವರು. ಆಗ ಮತದಾನದ ವಯಸ್ಸು 21 ಆಗಿದ್ದುದರಿಂದ ಅವರು ಮೊದಲ ಬಾರಿಗೆ ಲೋಕಸಭೆಗೆ ಮತ ನೀಡಿದುದು 1962ರಲ್ಲಿ. ತಂದೆಯವರು ಪ್ರತಿ ಚುನಾವಣೆಯ ಹಿಂದಿನ ಸಂಜೆ ಊಟಕ್ಕೆ ಕುಳಿತಾಗ ಮನೆಯವರೆಲ್ಲ ಯಾರಿಗೆ ಮತ ಹಾಕಬೇಕೆಂಬುದನ್ನು ಹೇಳುತ್ತಿದ್ದರು. ತಾಯಿಯವರು ಬಡಿಸುತ್ತಲೇ "ಆಗಲಿ" ಎನ್ನುತ್ತಿದ್ದರು. ತಂದೆಯವರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ ಒಮ್ಮೆ ಈ ಮಾತು ಬಂದಾಗ ಅವರು ನಗುತ್ತ, "ಆಗಲಿ ಅಂದದ್ದು ನಿಜ. ಒಳಗೆ ಹೋದ ಮೇಲೆ ನಾನು, ಆ ಚೀಟಿ, ಇಬ್ಬರೇ" ಎಂದರು. ಅದಕ್ಕಿಂತ ಹೆಚ್ಚಿಗೆ ಏನನ್ನೂ ಹೇಳಲಿಲ್ಲ. ಅರುವತ್ತು ವರ್ಷಗಳ ಸಂಸಾರದಲ್ಲಿ ಆ ಮರೆಯ ಹಿಂದಿನ ಅರೆನಿಮಿಷವೊಂದು ಅವರ ಸ್ವಂತದ್ದಾಗಿತ್ತೆಂಬುದು ನನಗೆ ಆಗ ಅರ್ಥವಾಗಲಿಲ್ಲ.

ಮತಗಟ್ಟೆಗೆ ಬರಲಾಗದವರಿಗಾಗಿ ನಮ್ಮ ಕಾನೂನು ಬೇರೆ ಬೇರೆ ದಾರಿಗಳನ್ನು ತೆರೆದಿದೆ. ಗಡಿಯಲ್ಲಿರುವ ಸೈನಿಕನಿಗೆ ಅಂಚೆಯ ಮತಪತ್ರವಿದೆ. 2016ರಿಂದ ಅದನ್ನು ಅವನಿಗೆ ವಿದ್ಯುನ್ಮಾನ ಮಾರ್ಗದಿಂದ ಕಳುಹಿಸುವ ವ್ಯವಸ್ಥೆ ಬಂದಿದೆ, ಗುರುತು ಹಾಕಿದ ಪತ್ರ ಮಾತ್ರ ಅಂಚೆಯಲ್ಲೇ ಹಿಂದಿರುಗಬೇಕು. 2003ರ ತಿದ್ದುಪಡಿಯಿಂದ ಸೈನಿಕರು ತಮ್ಮ ಕ್ಷೇತ್ರದಲ್ಲಿರುವ ಒಬ್ಬರನ್ನು ಪ್ರತಿನಿಧಿಯಾಗಿ ನೇಮಿಸಿ ಅವರ ಮೂಲಕವೂ ಮತ ನೀಡಬಹುದು. ಹಾಗೆ ಬಂದ ಪ್ರತಿನಿಧಿಯ ಎಡಗೈಯ ತೋರುಬೆರಳಿಗಲ್ಲ, ನಡುಬೆರಳಿಗೆ ಶಾಯಿ ಹಚ್ಚುತ್ತಾರೆ. ಈ ಬೆರಳು ಹಾಕಿದ ಮತ ಈ ಮನುಷ್ಯನದಲ್ಲ ಎಂದು ಆ ಗುರುತು ಸಾರುತ್ತದೆ. ವೃದ್ಧರಿಗೂ ಅಂಗವಿಕಲರಿಗೂ ಮನೆಯಲ್ಲಿಯೇ ಅಂಚೆಯ ಮತಪತ್ರದ ಮೂಲಕ ಮತ ನೀಡುವ ಅವಕಾಶವನ್ನು 2019ರ ನಿಯಮಗಳು ಕಲ್ಪಿಸಿದವು. ಮೊದಲು 80 ವರ್ಷ ಮೀರಿದವರಿಗಿದ್ದ ಈ ಸೌಲಭ್ಯ 2024ರಲ್ಲಿ 85 ಮೀರಿದವರಿಗೆಂದು ಬದಲಾಯಿತು. ಮೊದಲೇ ಅರ್ಜಿ ಸಲ್ಲಿಸಿದವರ ಮನೆಗೆ ಅಧಿಕಾರಿಗಳ ತಂಡ ಬರುತ್ತದೆ. ಛಾಯಾಗ್ರಾಹಕನೊಬ್ಬನು ಕ್ರಮವನ್ನು ಚಿತ್ರೀಕರಿಸುತ್ತಾನೆ, ಆದರೆ ಗುರುತು ಹಾಕುವ ಕ್ಷಣ ಗೋಪ್ಯವಾಗಿಯೇ ಇರಬೇಕು. ದೃಷ್ಟಿಯೋ ದೇಹವೋ ಸಹಕರಿಸದವರು ವಯಸ್ಕರೊಬ್ಬರ ನೆರವನ್ನು ಪಡೆಯಬಹುದು.

ಇವೆಲ್ಲವೂ ಕರುಣೆಯಿಂದ ಕೂಡಿದ ಏರ್ಪಾಡುಗಳೇ. ಹಿಮಾಚಲದ ಕಿನ್ನೌರಿನ ಶ್ಯಾಮ್ ಸರನ್ ನೇಗಿಯವರು 1951ರ ಅಕ್ಟೋಬರಿನಲ್ಲಿ, ದೇಶದ ಉಳಿದ ಭಾಗಗಳಿಗಿಂತ ಮೊದಲೇ, ಮತ ನೀಡಿದವರು. 2022ರ ನವೆಂಬರಿನಲ್ಲಿ ನೂರು ಮೀರಿದ ವಯಸ್ಸಿನಲ್ಲಿ ಮನೆಯಿಂದಲೇ ಅಂಚೆಯ ಮತ ನೀಡಿ, ಮೂರೇ ದಿನಗಳಲ್ಲಿ ಕಾಲವಾದರು. ಇಂಥ ಜೀವಕ್ಕೆ ದಾರಿ ತೆರೆದಿಡದ ವ್ಯವಸ್ಥೆ ಅಪೂರ್ಣವೇ ಸರಿ. ಆದರೆ ಗಮನಿಸಬೇಕಾದ ಸಂಗತಿಯೊಂದಿದೆ. ಈ ದಾರಿಗಳಲ್ಲಿ ಪ್ರತಿಯೊಂದೂ ಮತದಾರನ ಕೈಯಿಂದ ಸ್ವಲ್ಪವನ್ನು ತೆಗೆದು ಮತ್ತೊಬ್ಬರ ನಂಬಿಕೆಗೆ ಒಪ್ಪಿಸುತ್ತದೆ. ಮತಗಟ್ಟೆಯಲ್ಲಿ ಮರೆಯನ್ನು ಕಾಯುವವರು ಅಧಿಕಾರಿಗಳು. ಮತ ಮನೆಗೆ ಬಂದಾಗ ಅವರು ಕೋಣೆಯನ್ನು ಬರಿದು ಮಾಡಿಸಬಲ್ಲರು. ಆದರೆ ನೆರವಿಗೆಂದು ಒಳಗುಳಿದವರ ಮಾತನ್ನೂ ಮುಖವನ್ನೂ ಕಾಯಬೇಕಾದವರು ಅವರೇ.

2023ರ ವಿಧಾನಸಭಾ ಚುನಾವಣೆಯಲ್ಲಿ ಆ ಹೊಣೆ ನನ್ನ ಮೇಲೆ ಬಿದ್ದಿತು. ತಾಯಿಯವರಿಗೆ ಆಗ 86. ಕಣ್ಣು ಮಬ್ಬಾಗಿತ್ತು, ಕೈ ನಡುಗುತ್ತಿತ್ತು. ಹಿರಿಯ ಮಗನಾದ ನಾನೇ ನೆರವಿಗೆ ಕುಳಿತೆ. ಅಧಿಕಾರಿಗಳು ಸೌಜನ್ಯದಿಂದ ಹೊರಗೆ ಸರಿದು ನಿಂತರು. ತಾಯಿಯವರು ಮೆಲುದನಿಯಲ್ಲಿ ಒಂದು ಹೆಸರನ್ನು ಹೇಳಿದರು. ಅದು ನನ್ನ ಮನಸ್ಸಿಗೆ ಸರಿಬೀಳುವ ಹೆಸರಾಗಿರಲಿಲ್ಲ. "ಅವರಿಗೇ? ಯೋಚಿಸಿ ಹೇಳಮ್ಮ" ಎಂದೆ. ಅವರು ಅದೇ ಹೆಸರನ್ನು ಹೇಳಿದರು. ನಾನು ಲೇಖನಿಯನ್ನು ಎತ್ತಲಿಲ್ಲ, ಕಾರಣಗಳನ್ನು ವಿವರಿಸತೊಡಗಿದೆ. ಅವರು ಸ್ವಲ್ಪ ಹೊತ್ತು ನನ್ನ ಮುಖವನ್ನು ನೋಡಿ, "ಆಗಲಿ, ನಿನಗೆ ತಿಳಿದಂತೆ ಹಾಕು" ಎಂದರು. ನಾನು ನನಗೆ ತಿಳಿದಂತೆ ಹಾಕಿದೆ. ಲಕೋಟೆಯನ್ನು ಅಂಟಿಸಿದ್ದಾಯಿತು. ಎಲ್ಲವೂ ಕ್ರಮಬದ್ಧವಾಗಿ ಮುಗಿಯಿತು.

ಅಂದು ರಾತ್ರಿ ಆ "ಆಗಲಿ" ಎಂಬ ಮಾತು ನನ್ನನ್ನು ಮಲಗಗೊಡಲಿಲ್ಲ. ಊಟದ ಹೊತ್ತಿನಲ್ಲಿ ತಂದೆಯವರಿಗೆ ಹೇಳುತ್ತಿದ್ದ ಮಾತು ಅದೇ. ಆದರೆ ಆಗ ಆ ಮಾತಿನ ಆಚೆಗೆ ಒಂದು ಮರೆಯಿತ್ತು. ಈಗ ಆ ಮರೆಯ ಜಾಗದಲ್ಲಿ ನಾನು ಕುಳಿತಿದ್ದೆ.

ನನ್ನನ್ನು ಸಮರ್ಥಿಸಿಕೊಳ್ಳಲು ವಾದಗಳು ಇಲ್ಲದಿರಲಿಲ್ಲ. ನಾನು ಬಲಾತ್ಕರಿಸಲಿಲ್ಲ, ಸುಳ್ಳು ಹೇಳಲಿಲ್ಲ. ಅವರ ಒಪ್ಪಿಗೆಯಿಂದಲೇ ಗುರುತು ಹಾಕಿದೆ. ತಾಯಿಗೆ ಮಗನು ತಿಳಿವಳಿಕೆ ಹೇಳುವುದು ತಪ್ಪೇ? ಈ ವಾದ ಎಲ್ಲಿ ಸೋಲುತ್ತದೆಂಬುದನ್ನು ಕಾಣಲು ನಮಗೆ ಪರಿಚಿತವಾದ ಒಂದು ವಿವೇಚನೆ ನೆರವಾಗುತ್ತದೆ. ಯಾವುದೇ ಕ್ರಿಯೆಯಲ್ಲಿ ತಾನು ಮಾಡುವುದು, ಅನ್ಯರಿಂದ ಮಾಡಿಸುವುದು, ಅನ್ಯರು ಮಾಡಿದುದನ್ನು ಅನುಮೋದಿಸುವುದು ಎಂದು ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಗಳನ್ನು ನಮ್ಮ ಹಿರಿಯರು ಗುರುತಿಸಿದ್ದಾರೆ. ಕೈ ನಡುಗುವ ತಾಯಿಯ ಮತ ಕೃತವಾಗಿರಲು ಸಾಧ್ಯವಿರಲಿಲ್ಲ, ಅದು ಕಾರಿತವಾಗಬೇಕಾಗಿತ್ತು. ಅವರು ಮಾಡಿಸುವವರು, ನಾನು ಬರಿಯ ಕೈ. ನಾನು ಅದನ್ನು ತಲೆಕೆಳಗು ಮಾಡಿದೆ. ಮಾಡಿದವನು ನಾನು, ಅವರಿಗೆ ಉಳಿಸಿದುದು ಅನುಮೋದನೆಯನ್ನು ಮಾತ್ರ. ಅದೂ ನೀರು, ಔಷಧಿ, ಊಟ ಎಲ್ಲಕ್ಕೂ ಯಾರನ್ನು ಅವಲಂಬಿಸಿದ್ದಾರೋ ಅವನಿಗೆ ಕೊಟ್ಟ ಅನುಮೋದನೆ. ತಿಳಿವಳಿಕೆ ಹೇಳುವುದಕ್ಕೆ ಹಿಂದಿನ ತಿಂಗಳೆಲ್ಲ ಇತ್ತು. ಮತಪತ್ರ ಮುಂದಿರುವಾಗ, ಲೇಖನಿ ನನ್ನ ಕೈಯಲ್ಲಿರುವಾಗ ಹೇಳಿದುದು ತಿಳಿವಳಿಕೆಯಲ್ಲ, ಒತ್ತಡ. ಒತ್ತಡಕ್ಕೆ ಏರುದನಿ ಬೇಕಾಗಿಲ್ಲ. ಎತ್ತದೆ ಹಿಡಿದ ಲೇಖನಿಯೇ ಸಾಕು.

ಆಕೆಯ ಆಯ್ಕೆ ತಪ್ಪಾಗಿದ್ದರೆ? ಈ ಪ್ರಶ್ನೆ ಪ್ರಾಮಾಣಿಕವಾದುದೇ. ಆದರೆ ತಪ್ಪುವ ಸ್ವಾತಂತ್ರ್ಯವಿಲ್ಲದ ಮತ ಮತವೇ ಅಲ್ಲ. ನನ್ನ ತೀರ್ಮಾನಕ್ಕೆ ಸಲ್ಲಬೇಕಾದ ಒಂದು ಮತ ನನಗೆ ಆಗಲೇ ಇದೆ. ಎರಡನೆಯದನ್ನು ಪಡೆದಾಗ ನಾನು ತಾಯಿಗೆ ಮಾತ್ರವಲ್ಲ, ಒಂದೇ ಮತಕ್ಕೆ ತೃಪ್ತರಾದ ಕ್ಷೇತ್ರದ ಸಮಸ್ತರಿಗೂ ಅನ್ಯಾಯ ಮಾಡಿದೆ.

2024ರ ಲೋಕಸಭಾ ಚುನಾವಣೆಗೆ ಮತ್ತೆ ಅಧಿಕಾರಿಗಳು ಬಂದರು. ನೆರವಿಗೆ ಯಾರಿರಬೇಕೆಂದು ತಾಯಿಯವರನ್ನು ಕೇಳಿದರು. ಅವರು ನನ್ನ ಕಡೆ ನೋಡಲಿಲ್ಲ. ಮನೆಯಲ್ಲಿ ಅಡುಗೆಗೆ ನೆರವಾಗುವ, ಪಿ.ಯು.ಸಿ.ಯವರೆಗೆ ಓದಿದ ಹೆಣ್ಣುಮಗಳನ್ನು ಕರೆಯಿಸಿದರು. ನಾನು ಅಂಗಳಕ್ಕೆ ಹೋಗಿ ನಿಂತೆ. ಒಂದು ಕ್ಷಣ ಅವಮಾನವಾಯಿತೆಂದು ಒಪ್ಪಿಕೊಳ್ಳಬೇಕು. ಆದರೆ ಬಾಗಿಲು ಮುಚ್ಚಿದ ಸದ್ದು ಕೇಳಿದಾಗ, ಹಿಂದಿನ ವರ್ಷ ನಾನು ಕಿತ್ತುಹಾಕಿದ್ದ ಮರೆಯನ್ನು ತಾಯಿ ತಾವೇ ಮತ್ತೆ ಕಟ್ಟಿಕೊಂಡರೆಂದು ತಿಳಿಯಿತು. ಆ ಹೆಣ್ಣುಮಗಳು ಹೊರಗೆ ಬಂದಾಗ ನಾನು ಏನನ್ನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಇಲ್ಲಿಗೆ ವಿಚಾರ ಮುಗಿಯುವುದಿಲ್ಲ. ಮತವನ್ನು ಜೀವನದ ಅನುಕೂಲಕ್ಕೆ ಹೊಂದಿಸಬೇಕೋ, ಜೀವನವನ್ನು ಮತಕ್ಕೆ ಹೊಂದಿಸಬೇಕೋ ಎಂಬುದು ಇದರೊಂದಿಗೆ ಬೆಸೆದುಕೊಂಡ ಪ್ರಶ್ನೆ. ಬರಲಾರದವರ ಬಳಿಗೆ ಮತವೇ ಹೋಗಬೇಕೆಂಬುದು ನಿರ್ವಿವಾದ. ಬರಬಲ್ಲವರ ಮಾತು ಬೇರೆ. ಮತದಾನದ ದಿನ ವೇತನಸಹಿತ ರಜೆ ನೀಡಬೇಕೆಂದು 1996ರಲ್ಲಿ ಜನಪ್ರಾತಿನಿಧ್ಯ ಕಾಯಿದೆಗೆ ಸೇರಿದ ವಿಧಿ ಹೇಳುತ್ತದೆ. ದಿನಗೂಲಿಯವರಿಗೂ ಅದು ಅನ್ವಯಿಸುತ್ತದೆ. ಆದರೆ ಒಂದು ದಿನದ ರಜೆ ದೂರದ ನಗರದಲ್ಲಿ ದುಡಿಯುವವನನ್ನು ಅವನ ಊರಿನ ಮತಗಟ್ಟೆಗೆ ಮುಟ್ಟಿಸಲಾರದು. ಅಂಥವನ ಗೈರುಹಾಜರಿಯನ್ನು ಉದಾಸೀನವೆಂದು ನಿಂದಿಸುವುದು ನ್ಯಾಯವಲ್ಲ. ಇತ್ತ, 2024ರ ಏಪ್ರಿಲ್ 26ರ ಶುಕ್ರವಾರ ಮಂಡ್ಯದಲ್ಲಿ ಶೇಕಡ 80ಕ್ಕೂ ಹೆಚ್ಚು ಮಂದಿ ಮತ ನೀಡಿದರೆ, ಬೆಂಗಳೂರು ದಕ್ಷಿಣದಲ್ಲಿ ಅದೇ ದಿನ ಸುಮಾರು ಶೇಕಡ 53 ಮಂದಿ ಮಾತ್ರ ನೀಡಿದರು. ಮತಗಟ್ಟೆ ಹತ್ತಿರದಲ್ಲೇ ಇದ್ದು, ರಜೆಯೂ ದೊರೆತು, ವಾರಾಂತ್ಯಕ್ಕೆ ಅದನ್ನು ಜೋಡಿಸಿಕೊಂಡು ಪ್ರವಾಸ ಹೊರಟವರ ವಿಷಯದಲ್ಲಿ ಪ್ರಮಾದ ಎಂಬ ಪದವೇ ಸರಿ. ಮನೆಯ ಕೋಣೆಯಲ್ಲಿ ತನ್ನ ಮರೆಗಾಗಿ ಹೆಣಗುವವರು ಇರುವಾಗ, ಸಿದ್ಧವಾಗಿ ಕಟ್ಟಿಟ್ಟ ಮರೆಯನ್ನು ನಾವು ಬರಿದಾಗಿ ಬಿಡುವುದು ಸಣ್ಣ ತಪ್ಪಲ್ಲ.

ಮುಂದೆ ಮತದಾನಕ್ಕೆ ಇನ್ನೂ ಸುಲಭವಾದ ದಾರಿಗಳು ಬರಬಹುದು. ಅವುಗಳನ್ನು ಅಳೆಯಲು ನನಗೆ ದೊರೆತ ಅಳತೆಗೋಲು ಸರಳವಾದುದು: ಈ ದಾರಿಯಲ್ಲಿ ಬಲಹೀನನು ಒಬ್ಬನೇ ಇರಬಲ್ಲನೇ? ಇರಲಾರನಾದರೆ, ಅವನ ಜೊತೆಗಿರುವವನು ಕೇವಲ ಕೈಯಾಗಿರಲು ಒಪ್ಪುವನೇ? ಮನೆಯಲ್ಲಿ ವೃದ್ಧರಿರುವ ವಾಚಕರು ನೆರವಿಗೆ ಯಾರು ಬೇಕೆಂದು ಅವರನ್ನೇ ಕೇಳಲಿ. ಅವರು ಹೆಸರಿಸಿದವರನ್ನು ಕರೆತಂದು ತಾವು ಹೊರಗೆ ನಿಲ್ಲಲಿ. ತಮ್ಮನ್ನೇ ಹೆಸರಿಸಿದರೆ, ಕೇಳಿದುದನ್ನು ಒಂದೇ ಸಲಕ್ಕೆ ಬರೆದು ಮರೆತುಬಿಡಲಿ.

ತಾಯಿಯವರ ಬಳಿ ನಾನು ಆ ಮೊದಲ ಮತದ ವಿಷಯವಾಗಿ ಕ್ಷಮೆ ಕೇಳಿದೆ. "ಯಾವ ಮತ?" ಎಂದರು. ನಿಜವಾಗಿಯೂ ಮರೆತಿದ್ದರೋ, ಮಗನ ಭಾರವನ್ನು ಇಳಿಸಲು ಹಾಗೆಂದರೋ ತಿಳಿಯಲಿಲ್ಲ. ತಿಳಿದುಕೊಳ್ಳುವ ಅಧಿಕಾರ ನನಗಿಲ್ಲವೆಂಬುದು ಮಾತ್ರ ಆ ವೇಳೆಗೆ ತಿಳಿದಿತ್ತು.