*ಇಂದಿನ ಧಮ್ಮ ಚಿಂತನೆ: ರೋಗಿಗೂ ಒಂದು ಧಮ್ಮವಿದೆ*





ವಿನಯ ಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗ ಬರುತ್ತದೆ. ಹೊಟ್ಟೆಬೇನೆ ಹತ್ತಿದ ಒಬ್ಬ ಭಿಕ್ಷು ತನ್ನ ಹೊಲಸಿನಲ್ಲೇ ಬಿದ್ದಿದ್ದ. ಇವನಿಂದ ನಮಗೇನೂ ಉಪಯೋಗವಿಲ್ಲ ಎಂದು ಉಳಿದವರು ಹತ್ತಿರ ಸುಳಿದಿರಲಿಲ್ಲ. ಭಗವಾನರು ಆನಂದನಿಂದ ನೀರು ತರಿಸಿ, ತಾವೇ ನೀರು ಹಾಕಿದರು, ಆನಂದ ತೊಳೆದ. ಇಬ್ಬರೂ ಸೇರಿ ಅವನನ್ನು ಎತ್ತಿ ಮಂಚದ ಮೇಲೆ ಮಲಗಿಸಿದರು. ನನ್ನ ಸೇವೆ ಮಾಡಬೇಕೆನ್ನುವವರು ರೋಗಿಯ ಸೇವೆ ಮಾಡಲಿ ಎಂಬರ್ಥದ ಮಾತನ್ನು ಆಡಿದ್ದು ಅಲ್ಲಿಯೇ.

ಈ ಕಥೆ ನಮಗೆಲ್ಲ ಗೊತ್ತು. ಅದರ ಮುಂದಿನ ಭಾಗವನ್ನು ನಾವು ಓದುವುದು ಕಡಿಮೆ. ಆರೈಕೆಗೆ ಸುಲಭನಾದ ರೋಗಿಗೆ 5 ಗುಣಗಳನ್ನು ಅಲ್ಲಿ ಹೇಳಿದೆ: ಹಿತವಾದದ್ದನ್ನು ಮಾಡುವುದು, ಹಿತದಲ್ಲೂ ಮಿತಿ ಅರಿಯುವುದು, ಔಷಧಿ ಸೇವಿಸುವುದು, ರೋಗ ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಹಾಗೇ ಇದೆಯೋ ಇದ್ದಂತೆ ಹೇಳುವುದು, ನೋವನ್ನು ಸಹಿಸುವುದು.

ಇವತ್ತು ಇದನ್ನು ಥೈರಾಯ್ಡ್ ಮಂದವಾದವರ ಬದುಕಿಗೆ ಹಚ್ಚಿ ನೋಡೋಣ. 2013ರಲ್ಲಿ ಪ್ರಕಟವಾದ, ಭಾರತದ 8 ನಗರಗಳ ಅಧ್ಯಯನವೊಂದರಲ್ಲಿ ವಯಸ್ಕರ ಪೈಕಿ 100ರಲ್ಲಿ ಸುಮಾರು 11 ಮಂದಿಗೆ ಈ ತೊಂದರೆ ಕಂಡುಬಂದಿತ್ತು. ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು.

ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆಯಾಕಾರದ ಪುಟ್ಟ ಗ್ರಂಥಿ ಇದೆ. ಅದರ ಹಾರ್ಮೋನು ಕಡಿಮೆಯಾದರೆ ಇಡೀ ದೇಹ ನಿಧಾನವಾಗುತ್ತದೆ. ಸುಸ್ತು, ಚಳಿ, ಮಲಬದ್ಧತೆ, ಒಣ ಚರ್ಮ, ಕೂದಲು ಉದುರುವುದು, ತೂಕ ಏರುವುದು, ಮುಟ್ಟಿನ ಏರುಪೇರು, ಮನಸ್ಸಿಗೆ ಮಂಕು. ಗಾಯವಿಲ್ಲ, ಜ್ವರವಿಲ್ಲ. ಆದ್ದರಿಂದ ಮನೆಯವರ ಕಣ್ಣಿಗೆ ರೋಗ ಕಾಣುವುದಿಲ್ಲ, "ಮೈಗಳ್ಳಿ" ಕಾಣುತ್ತಾಳೆ. ಬ್ಯಾಡಗಿಯಲ್ಲಿ ದಿನವಿಡೀ ಕೂತು ಮೆಣಸಿನಕಾಯಿ ತೊಟ್ಟು ಮುರಿಯುವವಳಿಗೆ, ರಾಣೆಬೆನ್ನೂರು ಸೀಮೆಯ ಬೀಜದ ಹೊಲದಲ್ಲಿ ಕ್ರಾಸಿಂಗ್ ಮಾಡುವವಳಿಗೆ ಈ ಮಾತು ರೋಗಕ್ಕಿಂತ ಹೆಚ್ಚು ಚುಚ್ಚುತ್ತದೆ.

ಕೆಲವರು "ಹಿಂದಿನ ಜನ್ಮದ ಕರ್ಮ" ಎನ್ನುತ್ತಾರೆ, ಹರಕೆ ಹೊರಿಸುತ್ತಾರೆ. ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಈ ಪೂರ್ವಜನ್ಮದ ಕರ್ಮವಾದವನ್ನು ಒಪ್ಪಲಿಲ್ಲ. ಬಡವರ ಕಷ್ಟಕ್ಕೆ ಬಡವರನ್ನೇ ಹೊಣೆ ಮಾಡುವ ವಾದ ಅದು ಎಂದು ಅವರಿಗೆ ಗೊತ್ತಿತ್ತು. ರೋಗಕ್ಕೆ ಕಾರಣವಿದೆ. ಬಹಳಷ್ಟು ಸಲ ದೇಹದ ರಕ್ಷಣಾ ವ್ಯವಸ್ಥೆಯೇ ಈ ಗ್ರಂಥಿಯ ಮೇಲೆ ತಿರುಗಿಬಿದ್ದಿರುತ್ತದೆ. ಕಾರಣ ಇದ್ದಲ್ಲಿ ಉಪಾಯವೂ ಇದೆ. ಇದೇ ಪ್ರತೀತ್ಯ ಸಮುತ್ಪಾದದ ದೃಷ್ಟಿ.

*ಆ 5 ಗುಣಗಳು ನಮ್ಮ ದಿನಚರಿಯಲ್ಲಿ:*

1️⃣ *ಹಿತ:* ಥೈರಾಯ್ಡ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ತಗೋಬೇಕು. ಚಹಾ, ಕಾಫಿ, ಹಾಲು, ನಾಷ್ಟಾ ಎಲ್ಲ ಅರ್ಧದಿಂದ ಒಂದು ತಾಸಿನ ನಂತರ. ಎದ್ದ ಕೂಡಲೇ ಚಹಾ ಕುಡಿದು ಕೆಲಸಕ್ಕೆ ಓಡುವವರಿಗೆ ಇದೇ ದೊಡ್ಡ ಅಡ್ಡಿ. ರಾತ್ರಿಯೇ ಮಾತ್ರೆ, ನೀರು ತಲೆದಿಂಬಿನ ಹತ್ತಿರ ಇಟ್ಟುಕೊಳ್ಳಿ. ಮುಂಜಾನೆ ಆಗುವುದೇ ಇಲ್ಲವೆಂದರೆ ಬೇರೆ ಹೊತ್ತು ಯಾವುದೆಂದು ವೈದ್ಯರನ್ನು ಕೇಳಿ.

2️⃣ *ಮಿತಿ:* ಸುಸ್ತು ಎಂದು ನಾವೇ ಎರಡು ಮಾತ್ರೆ ನುಂಗಬಾರದು. ಹೆಚ್ಚಾದರೆ ಎದೆಬಡಿತ ಏರುತ್ತದೆ, ಎಲುಬು ಸವೆಯುತ್ತದೆ. ಕಬ್ಬಿಣಾಂಶದ, ಕ್ಯಾಲ್ಸಿಯಂ ಗುಳಿಗೆಗಳಿಗೆ 4 ತಾಸಿನ ಅಂತರ ಇರಲಿ.

3️⃣ *ಔಷಧಿ:* ಆರಾಮ ಅನ್ನಿಸಿದರೆ ಅದು ಮಾತ್ರೆಯಿಂದ. ತಾವೇ ಬಿಡಬೇಡಿ. ಡೋಸ್ ಬದಲಾದರೆ 6ರಿಂದ 8 ವಾರದ ನಂತರ ಟಿಎಸ್‌ಎಚ್ ಪರೀಕ್ಷೆ. ಗರ್ಭಿಣಿಯಾದರೆ ತಡಮಾಡದೆ ವೈದ್ಯರಿಗೆ ತಿಳಿಸಿ, ಆಗ ಹೆಚ್ಚು ಬೇಕಾಗಬಹುದು.

4️⃣ *ಇದ್ದಂತೆ ಹೇಳುವುದು:* ಇದೇ ನಮಗೆ ಕಷ್ಟದ ಗುಣ. ತಲೆಮಾರುಗಳಿಂದ ದೊಡ್ಡವರ ಮುಂದೆ ಬಾಯಿ ಮುಚ್ಚಿ ನಿಂತವರು ನಾವು. ವೈದ್ಯರು "ರಿಪೋರ್ಟ್ ನಾರ್ಮಲ್" ಎಂದರೆ ತಲೆ ಆಡಿಸಿ ಬರುತ್ತೇವೆ. ಆದರೆ ಟಿಎಸ್‌ಎಚ್ ಸರಿಯಿದ್ದರೂ 100ರಲ್ಲಿ 5ರಿಂದ 10 ಮಂದಿಗೆ ಸುಸ್ತು ಉಳಿಯುತ್ತದೆ ಎಂದು ವೈದ್ಯಶಾಸ್ತ್ರವೇ ಒಪ್ಪುತ್ತದೆ. ರಕ್ತಹೀನತೆ, ವಿಟಮಿನ್ ಕೊರತೆ, ನಿದ್ದೆಗೇಡು, ಖಿನ್ನತೆ ಏನಾದರೂ ಜೊತೆಗಿರಬಹುದು. "ಸರ್, ಇನ್ನೂ ಆರಾಮಿಲ್ಲ" ಎಂದು ಹೇಳುವುದು ಉದ್ಧಟತನವಲ್ಲ. ಅದು ಸಮ್ಮಾ ವಾಚಾ.

5️⃣ *ಸಹನೆ:* ಒಂದು ವಾರಕ್ಕೆ ಗುಣ ಕಾಣದು, ತಿಂಗಳುಗಳು ಬೇಕು. ಸಹನೆ ಎಂದರೆ ಆ ಕಾಲವನ್ನು ತಾಳುವುದು. ಅವಮಾನವನ್ನು ತಾಳುವುದು ಅಲ್ಲ.

ಧಮ್ಮಪದದ ಸುಖ ವಗ್ಗದಲ್ಲಿ ಆರೋಗ್ಯವನ್ನೂ ಸಂತೃಪ್ತಿಯನ್ನೂ ಅಕ್ಕಪಕ್ಕ ಇಟ್ಟಿದೆ. ಸಂತೃಪ್ತ ರೋಗಿ ಎಂದರೆ ಸುಮ್ಮನಿರುವ ರೋಗಿ ಅಲ್ಲ. ಮಾತು ಕೇಳಿಸಿಕೊಂಡವರಿದ್ದಾರೆ, ಮಾತ್ರೆ ಏಕೆಂದು ತಿಳಿದಿದೆ, ಮನೆಯಲ್ಲಿ ನಂಬುವವರಿದ್ದಾರೆ. ಸಂತೃಪ್ತಿ ಹುಟ್ಟುವುದು ಅಲ್ಲಿಂದ.

ಆರೈಕೆ ಮಾಡುವವರಿಗೂ ಮಹಾವಗ್ಗ 5 ಗುಣ ಹೇಳಿದೆ. ಔಷಧಿ ಸಿದ್ಧಮಾಡಿ ಕೊಡಬಲ್ಲವರು, ಹಿತ ಅಹಿತ ಅರಿತವರು, ಲಾಭಕ್ಕಲ್ಲದೆ ಮೈತ್ರಿಯಿಂದ ಮಾಡುವವರು, ಅಸಹ್ಯಪಡದವರು, ಧಮ್ಮದ ಮಾತಿನಿಂದ ಮನಸ್ಸು ಅರಳಿಸುವವರು. ಗಂಡಂದಿರೇ, ಮಕ್ಕಳೇ, ಅತ್ತೆಯರೇ, ಇದು ನಮ್ಮ ಪಾಠ.

ಬಾಬಾಸಾಹೇಬರು ಮಧುಮೇಹದಿಂದ ಬಳಲುತ್ತಲೇ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ ಪಡೆದು, ನಮ್ಮವರಿಗೂ ಕೊಟ್ಟರು. ಎರಡು ತಿಂಗಳೊಳಗೆ ನಮ್ಮನ್ನು ಅಗಲಿದರು. ದಣಿದ ದೇಹವನ್ನು ಅವರು ಸೋಮಾರಿ ಎಂದು ಕರೆಯಲು ಯಾರಿಗೆ ಬಾಯಿ ಬಂದೀತು? ನಮ್ಮ ಮನೆಯ ದಣಿದ ಹೆಣ್ಣಿಗೂ ಅದೇ ಗೌರವ ಸಲ್ಲಬೇಕು.

*ಇಂದಿನ ಅಭ್ಯಾಸ:* ಮನೆಯಲ್ಲಿ ಬಹಳ ದಿನದಿಂದ ಸುಸ್ತು ಎನ್ನುವವರಿದ್ದರೆ "ಏನಾಗ್ತಿದೆ?" ಎಂದು ಕೇಳಿ, ಪೂರ್ತಿ ಕೇಳಿಸಿಕೊಳ್ಳಿ. ಸರಕಾರಿ ಆಸ್ಪತ್ರೆಗೆ ಅವರ ಜೊತೆ ಹೋಗಿ. ನಾಳೆ ಮುಂಜಾನೆ ಅವರು ಮಾತ್ರೆ ತಗೊಂಡ ಮೇಲೆ ಒಂದು ತಾಸು ಬಿಟ್ಟು ಚಹಾ ನೀವೇ ಮಾಡಿಕೊಡಿ.

ಭವತು ಸಬ್ಬ ಮಂಗಲಂ 🙏
ಜೈ ಭೀಮ್, ನಮೋ ಬುದ್ಧಾಯ