ಬೇಟೆಗಾರನ ಅತಿಥಿಧರ್ಮ

ಅತಿಥಿಯನ್ನು ದೇವರೆಂದು ಭಾವಿಸಬೇಕೆಂಬ ವಿಧಿಯು ನಮ್ಮಲ್ಲಿ ಎಳೆಯ ಮಕ್ಕಳಿಗೂ ತಿಳಿದಿರುವದು. ಬಂದವನಿಗೆ ಕಾಲಿಗೆ ನೀರು ಕೊಡಬೇಕು, ಇದ್ದುದರಲ್ಲಿ ಒಂದು ತುತ್ತು ನೀಡಬೇಕು, ಹೊರಟಾಗ ಅಗಸೆಯ ತನಕ ಹೋಗಿ ಕಳುಹಬೇಕು. ಹೀಗೆ ಮನೆಯೊಡೆಯನ ಕರ್ತವ್ಯಗಳನ್ನು ಹಿರಿಯರು ಒಂದೊಂದಾಗಿ ಎಣಿಸಿ ಹೇಳಿರುವರು. ಆದರೆ ದೇವರೆನಿಸಿಕೊಂಡು ಬಂದವನ ಕರ್ತವ್ಯಗಳಾವುವು? ಅವುಗಳ ವಿಚಾರವು ಅಷ್ಟಾಗಿ ನಡೆದಂತೆ ಕಾಣುವದಿಲ್ಲ. ಅದನ್ನು ಒಂದು ಉದಾಹರಣೆಯ ಮೂಲಕ ಪರಿಶೀಲಿಸುವದೇ ಈ ಲೇಖನದ ಉದ್ದೇಶವು. ಆ ಉದಾಹರಣೆಯು ಪರರ ನೆಲದಲ್ಲಿ ಕಾಲಿಟ್ಟ ಬೇಟೆಗಾರನದು.

ಇವನನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ಮನೆಗೆ ಬಂದ ನೆಂಟನು ಯಜಮಾನನ ಕಣ್ಣೆದುರಿಗೆ ಇರುತ್ತಾನೆ. ಅವನ ಸೌಜನ್ಯದಲ್ಲಿ ನಾಚಿಕೆಯ ಪಾಲೆಷ್ಟು, ಧರ್ಮದ ಪಾಲೆಷ್ಟು ಎಂದು ಬೇರ್ಪಡಿಸುವದು ಕಷ್ಟ. ಬೇಟೆಗಾರನಾದರೋ ಒಡೆಯನಿಲ್ಲದ ಹೊತ್ತಿನಲ್ಲಿ, ನೋಡುವವರಿಲ್ಲದ ಬಯಲಿನಲ್ಲಿ, ಕೈಯಲ್ಲಿ ಆಯುಧವನ್ನು ಹಿಡಿದು, ಬಹುಮಟ್ಟಿಗೆ ವಿನೋದಕ್ಕಾಗಿಯೇ ತಿರುಗುವವನು. ಅಲ್ಲಿ ಅವನನ್ನು ತಡೆಯತಕ್ಕದ್ದು ಅವನ ಮನಸ್ಸೊಂದೇ. ಆದುದರಿಂದ ಅತಿಥಿಧರ್ಮದ ಶುದ್ಧ ಪರೀಕ್ಷೆಯು ಇವನಲ್ಲಿಯೇ ಆಗುವದು.

ನಮ್ಮ ಪುರಾಣೇತಿಹಾಸಗಳಲ್ಲಿ ಮೂವರು ಅರಸರು ಬೇಟೆಗೆ ಹೋಗಿ ಋಷಿಗಳ ಆಶ್ರಮವನ್ನು ಹೊಕ್ಕ ಕಥೆಗಳಿವೆ. ಕಾರ್ತವೀರ್ಯನು ಜಮದಗ್ನಿಯ ಆಶ್ರಮಕ್ಕೆ ಬಂದು, ಸೇನೆಯೊಡನೆ ಹೊಟ್ಟೆ ತುಂಬ ಉಂಡು, ಉಣಿಸಿದ ಹೋಮಧೇನುವನ್ನೇ ಎಳೆದೊಯ್ದನು. ಇವನು ಪರರ ನೆಲದಿಂದ ಕೊಂಡುಹೋದ ಅತಿಥಿಯು. ಪರೀಕ್ಷಿತನು ಹಸಿದು ಬಾಯಾರಿ ಶಮೀಕನಲ್ಲಿಗೆ ಬಂದು, ಮೌನದಲ್ಲಿದ್ದ ಮುನಿಯು ಉತ್ತರ ಕೊಡಲಿಲ್ಲವೆಂಬ ಕೋಪದಿಂದ ಸತ್ತ ಹಾವನ್ನು ಬಿಲ್ಲಿನ ತುದಿಯಿಂದೆತ್ತಿ ಆತನ ಹೆಗಲಿಗೆ ಹಾಕಿ ಹೊರಟುಹೋದನು. ಇವನು ಏನನ್ನೂ ಕೊಂಡೊಯ್ಯಲಿಲ್ಲ, ಬಿಟ್ಟುಹೋದನು. ಮೂರನೆಯವನು ದುಷ್ಯಂತನು. ಕಾಳಿದಾಸನ ನಾಟಕದಲ್ಲಿ, ಇದು ಆಶ್ರಮದ ಜಿಂಕೆ, ಕೊಲ್ಲಲಾಗದೆಂದು ತಪಸ್ವಿಗಳು ಕೈಯೆತ್ತಿದೊಡನೆ ಹೂಡಿದ ಬಾಣವನ್ನು ಅವನು ಇಳಿಸುತ್ತಾನೆ. ರಥದಿಂದಿಳಿದು, ಆಭರಣವನ್ನೂ ಬಿಲ್ಲನ್ನೂ ಸಾರಥಿಯ ಕೈಗೆ ಕೊಟ್ಟು, ವಿನೀತವೇಷದಿಂದ ಒಳಗೆ ಹೋಗುತ್ತಾನೆ. ಮುಂದೆ ಅವನ ನಡತೆಯು ಹೇಗಾದರೂ ಇರಲಿ, ಹೊಸ್ತಿಲಿನಲ್ಲಿ ಅವನು ತೋರಿದ ರೀತಿಯು ಅತಿಥಿಯ ರೀತಿಯೇ ಸರಿ.

ಕಾರ್ತವೀರ್ಯನ ತಪ್ಪು ಎಲ್ಲರಿಗೂ ತಿಳಿಯತಕ್ಕದ್ದು. ಅದಕ್ಕೆ ಕಳ್ಳತನವೆಂಬ ಹೆಸರಿದೆ. ಪರೀಕ್ಷಿತನ ತಪ್ಪು ಸೂಕ್ಷ್ಮವಾದುದು. ಅವನು ಧರ್ಮಿಷ್ಠನೆಂದು ಹೆಸರಾದ ಅರಸನು. ಒಂದು ಕ್ಷಣದ ಅಸಡ್ಡೆಯಿಂದ ಎಸೆದು ಮುಂದಕ್ಕೆ ಹೋದನು. ಶಮೀಕನು ಅದನ್ನು ಮನ್ನಿಸಿದನು. ಶಾಪ ಕೊಟ್ಟ ತನ್ನ ಮಗನನ್ನೇ ಗದರಿದನು. ಆದರೂ ಏಳು ದಿನಗಳಲ್ಲಿ ತಕ್ಷಕನು ಬಂದೇ ಬಂದನು. ಬಿಟ್ಟುಹೋದ ವಸ್ತುವು ಒಡೆಯನ ಕ್ಷಮೆಯನ್ನು ಕೇಳಿ ಕರಗುವದಿಲ್ಲವೆಂಬದು ಈ ಕಥೆಯ ತಿರುಳು.

ಇನ್ನು ನಮ್ಮ ಸೀಮೆಯ ಕಡೆಗೆ ನೋಡೋಣ. ಕೊಪ್ಪಳದ ಗವಿಮಠದ ಗುಡ್ಡದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಕಿರುಶಾಸನಗಳು ಇರುವದು ವಾಚಕರಿಗೆ ಗೊತ್ತಿದ್ದುದೇ. ಅದೇ ಚಕ್ರವರ್ತಿಯು ಬೇರೆಡೆಯಲ್ಲಿ ಕೆತ್ತಿಸಿದ ಎಂಟನೆಯ ಬಂಡೆಶಾಸನದಲ್ಲಿ, ಹಿಂದಿನ ಅರಸರು ಬೇಟೆ ಮುಂತಾದ ವಿನೋದಗಳುಳ್ಳ ವಿಹಾರಯಾತ್ರೆಗೆ ಹೋಗುತ್ತಿದ್ದರೆಂದೂ, ತಾನು ಪಟ್ಟವೇರಿ ಹತ್ತು ವರ್ಷಗಳಾದ ಮೇಲೆ ಅದರ ಬದಲು ಧರ್ಮಯಾತ್ರೆಯನ್ನು ತೊಡಗಿದೆನೆಂದೂ ಹೇಳಿಕೊಂಡಿರುವನು. ಆದರೆ ಬೇಟೆಯು ಅವನಿಂದ ನಿಂತುಹೋಗಲಿಲ್ಲ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ತನ್ನ ಮಾನಸೋಲ್ಲಾಸದಲ್ಲಿ ಅದನ್ನು ರಾಜವಿನೋದಗಳ ಸಾಲಿಗೆ ಸೇರಿಸಿದನು. ಬೇಟೆನಾಯಿಗಳ ಮೇಲೆ ಮೊಲವು ತಿರುಗಿಬಿದ್ದ ಸ್ಥಳದಲ್ಲಿ ವಿಜಯನಗರವು ಹುಟ್ಟಿತೆಂಬ ಐತಿಹ್ಯವು ಆನೆಗೊಂದಿಯ ಎದುರು ದಂಡೆಯದೇ. ಕಡೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ 1991ರಲ್ಲಿ ಅದಕ್ಕಾದ ತಿದ್ದುಪಡಿಯೂ ವಿನೋದದ ಬೇಟೆಗೆ ತೆರೆಯೆಳೆದವು. ಯಲಬುರ್ಗಿಯ ಎರೆಭೂಮಿಯ ಕೃಷ್ಣಮೃಗಕ್ಕಾಗಲಿ ಗಂಗಾವತಿಯ ಕಡೆಯ ತೋಳಕ್ಕಾಗಲಿ ಇಂದು ಗುಂಡು ಹಾರಿಸುವದು ಅಪರಾಧವು; ಹಾಗಿರುವದೇ ಯೋಗ್ಯವು.

ಹಾಗಾದರೆ ಬೇಟೆಗಾರನ ಧರ್ಮವನ್ನು ಇಂದು ವಿಚಾರಿಸುವದೇಕೆ? ಬಂದೂಕು ಹೋದರೂ ಬೇಟೆಗಾರನ ನಡಿಗೆಯು ಹೋಗಿಲ್ಲವಾದ್ದರಿಂದ. ಪ್ರಾಣಿಪಕ್ಷಿಗಳ ಚಿತ್ರ ತೆಗೆಯಲು ಹೊಲವನ್ನು ತುಳಿಯುವವರು, ಆನೆಗೊಂದಿಯ ಬಂಡೆಗಳನ್ನು ನೋಡಬಂದು ಪಕ್ಕದ ಗದ್ದೆಯ ಬದುವಿನಲ್ಲಿ ಬುತ್ತಿ ಬಿಚ್ಚುವವರು, ಎಳ್ಳಮಾಸ್ಯೆಯ ದಿನ ಚರಗದ ಊಟಕ್ಕೆಂದು ಊರಿನಿಂದ ಗೆಳೆಯನ ಹೊಲಕ್ಕೆ ಹೋಗುವವರು—ಇವರೆಲ್ಲರೂ ಪರರ ನೆಲದಲ್ಲಿ ಸುಖವನ್ನು ಹುಡುಕಿಕೊಂಡು ಹೋದ ಅತಿಥಿಗಳೇ. ಆಯುಧವು ಬೇರೆ, ಪ್ರಶ್ನೆಯು ಅದೇ.

ಬೇಟೆಗಾರನು ತನ್ನ ಪರವಾಗಿ ಹೇಳುವ ಮೊದಲನೆಯ ಮಾತು ಇದು: ಮೃಗವು ಯಾರದೂ ಅಲ್ಲ, ಆದುದರಿಂದ ಅದರ ಬೆನ್ನಟ್ಟಿ ಹೋಗಲು ಯಾರ ಅಪ್ಪಣೆಯೂ ಬೇಡ. ಇದರಲ್ಲಿ ಮೊದಲರ್ಧವು ನಿಜ, ಎರಡನೆಯದು ಸುಳ್ಳು. ಮೃಗವು ಯಾರದೂ ಅಲ್ಲದಿರಬಹುದು. ಅದು ಓಡಿದ ಜೋಳದ ಸಾಲು ಒಬ್ಬನ ವರ್ಷದ ಅನ್ನವು. ಗಾಳಿಯಂತೆ, ನೋಟದಂತೆ, ಬೆಳುದಿಂಗಳಂತೆ ಒಡೆಯನಿಲ್ಲದ ವಸ್ತುವನ್ನು ಹಿಡಿಯಲು ಹೋದವನೂ ಒಡೆಯನಿರುವ ನೆಲವನ್ನು ತುಳಿದೇ ಹೋಗಬೇಕು.

ಎರಡನೆಯ ಮಾತು: ನಾನು ಕೇಳಿದೆನು, ಒಡೆಯನು ಒಪ್ಪಿದನು. ಇಲ್ಲಿ ಒಪ್ಪಿಗೆಯೆಂದರೇನೆಂದು ನೋಡಬೇಕು. ಕೊಪ್ಪಳವು 1948ಕ್ಕೆ ಮೊದಲು ನಿಜಾಮರ ರಾಜ್ಯದಲ್ಲಿ ಸಾಲಾರಜಂಗ ಮನೆತನದ ಜಹಗೀರಾಗಿದ್ದಿತು. ಯಾವ ಜಹಗೀರಿನಲ್ಲಿಯೇ ಆಗಲಿ, ದೊರೆಯ ಮಂದಿ ಬಂದು ನಿಂತಾಗ ಒಕ್ಕಲಿಗನ ಬಾಯಿಂದ ಬರುವ "ಆಗಲಿ ಧಣಿ" ಎಂಬದು ಒಪ್ಪಿಗೆಯಲ್ಲ. ಇಲ್ಲವೆನ್ನಲು ಧೈರ್ಯ ಸಾಲದುದರ ಹೆಸರು ಅದು. ಇಲ್ಲವೆನ್ನಬಲ್ಲವನು ಹೌದೆಂದಾಗಲೇ ಅನುಮತಿ ಹುಟ್ಟುವದು. ಇಂದು ಜಹಗೀರುಗಳಿಲ್ಲ. ಆದರೆ ಸಾಲ ಕೊಟ್ಟವನು, ಅಧಿಕಾರದಲ್ಲಿರುವವನು, ಪೇಟೆಯ ದೊಡ್ಡ ಮನುಷ್ಯನು ಬಂದು ಕೇಳಿದಾಗ ಬಡ ರೈತನ ಉತ್ತರವು ಎಷ್ಟು ಸ್ವತಂತ್ರವಾದುದೆಂದು ಕೇಳಿದವನೇ ಯೋಚಿಸಬೇಕು. ಕೇಳುವದಷ್ಟೇ ಸಾಲದು; ಇಲ್ಲವೆನ್ನಲು ಎಡೆಕೊಟ್ಟು ಕೇಳಬೇಕು.

ಒಪ್ಪಿಗೆಯು ಮನಃಪೂರ್ವಕವಾಗಿಯೇ ದೊರಕಿತೆನ್ನೋಣ. ಆಗಲೂ ಅದಕ್ಕೊಂದು ಅವಧಿಯಿದೆ. ಒಡೆಯನು ಒಂದು ದಿನದ ಮಟ್ಟಿಗೆ ನನ್ನನ್ನು ಒಳಗೆ ಬಿಟ್ಟಿದ್ದಾನೆ. ನಾನು ಬಿಟ್ಟ ಒಡೆದ ಸೀಸೆಯನ್ನು ಹತ್ತು ವರ್ಷ ಇಟ್ಟುಕೊಳ್ಳಲು ಅವನು ಒಪ್ಪಿಲ್ಲ. ಕಾಡತೂಸಿನ ಚಿಪ್ಪು, ಗಾಜಿನ ಚೂರು, ಪ್ಲಾಸ್ಟಿಕ್ ಚೀಲ ಇವು ಅತಿಥಿಯು ಹೋದ ಮೇಲೂ ಹೋಗದ ಅತಿಥಿಗಳು. ಗಾಜು ಮುಂಗಾರಿನ ಕುಂಟೆಗೆ ಸಿಕ್ಕಿ ಮೇಲೇಳುತ್ತದೆ, ಎತ್ತಿನ ಗೊರಸನ್ನೋ ಕಳೆ ಕೀಳುವ ಹೆಂಗಸಿನ ಕೈಯನ್ನೋ ಸೀಳುತ್ತದೆ. ಅನ್ನದ ವಾಸನೆಯುಳ್ಳ ಚೀಲವನ್ನು ಆಕಳು ನುಂಗಿದರೆ ಅದು ಹೊಟ್ಟೆಯಲ್ಲಿಯೇ ಉಳಿದು ಪ್ರಾಣಕ್ಕೆರವಾಗುವದು. ಕೊಲ್ಲುವ ಉದ್ದೇಶವಿಲ್ಲದೆ ಬಂದವನು ಹೀಗೆ ತನಗೆ ತಿಳಿಯದಂತೆಯೇ ಬೇಟೆಯಾಡಿ ಹೋಗುತ್ತಾನೆ.

"ಅಲ್ಲಿ ಮೊದಲೇ ಕಸವಿತ್ತು, ನನ್ನದೊಂದು ಹೆಚ್ಚಾದರೇನು?" ಎಂದು ಕೆಲವರು ಕೇಳುವರು. 2019ರಲ್ಲಿ ಕೊಪ್ಪಳದ ಗವಿಮಠದ ಶ್ರೀಗಳ ಮುಂದಾಳುತನದಲ್ಲಿ ಹಿರೇಹಳ್ಳವನ್ನು ಜನರು ಕೂಡಿ ಶುದ್ಧಿಗೊಳಿಸಿದುದನ್ನು ನೆನೆದರೆ ಇದಕ್ಕೆ ಉತ್ತರವು ದೊರೆಯುವದು. ಒಬ್ಬೊಬ್ಬರಾಗಿ ನಿರಾಯಾಸವಾಗಿ ಕೆಡಿಸಿದುದನ್ನು ಊರೆಲ್ಲ ಒಟ್ಟುಗೂಡಿ ಆಯಾಸಪಟ್ಟು ತಿದ್ದಬೇಕಾಗುವದು. ತನ್ನ ಕಸವನ್ನು ಎತ್ತುವದು ಋಣವನ್ನು ತೀರಿಸಿದಂತೆ, ಅದಕ್ಕೆ ಹೊಗಳಿಕೆಯಿಲ್ಲ. ಪರರು ಬಿಟ್ಟುದನ್ನೂ ಒಂದಿಷ್ಟು ಎತ್ತಿಕೊಂಡು ಬರುವದು ಔದಾರ್ಯವು. ಆದರೆ ಒಡೆಯನಿಗೆ ಯಾವುದು ಯಾರ ಕಸವೆಂದು ತಿಳಿಯುವಂತಿಲ್ಲ. ಹೊಲವು ಕೆಟ್ಟುದನ್ನು ಕಂಡು ಅವನು ಬಾಗಿಲು ಹಾಕಿದರೆ ಮುಂದೆ ಬರುವ ಸಭ್ಯನಿಗೂ ಅದು ಮುಚ್ಚಿದಂತೆಯೇ. ಆದುದರಿಂದ ಈ ಔದಾರ್ಯದಲ್ಲಿ ನಮ್ಮ ಹಿತವೂ ಅಡಗಿದೆ.

ಬಿಟ್ಟುಹೋಗುವದೆಲ್ಲವೂ ಕೆಟ್ಟದೆಂದಲ್ಲ. ಮಂಡ್ಯ ಸೀಮೆಯ ಆತಕೂರಿನಲ್ಲಿ ಕ್ರಿ. ಶ. 949-50ರ ಸುಮಾರಿಗೆ, ಹಂದಿಯೊಡನೆ ಹೋರಾಡಿ ಮಡಿದ ಕಾಳಿಯೆಂಬ ಬೇಟೆನಾಯಿಯ ನೆನಪಿಗೆ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನು ಬಿಟ್ಟರು. ಅಂದಿನ ಬೇಟೆಗಾರರು ಆ ಊರಲ್ಲಿ ಉಳಿಸಿದ್ದು ಶಾಸನವನ್ನೂ ದತ್ತಿಯನ್ನೂ. ಅಷ್ಟು ದೂರ ಹೋಗುವದೇಕೆ? ಸುಗ್ಗಿಯಾದ ಮೇಲೆ ನಮ್ಮ ಕುಷ್ಟಗಿ ಯಲಬುರ್ಗಿಗಳ ಹೊಲಗಳಲ್ಲಿ ಕುರುಬರು ಮಂದೆಯನ್ನು ನಿಲ್ಲಿಸುವರು. ಅವರು ಕೇಳಿಯೇ ಬರುತ್ತಾರೆ; ಬೆಳೆಯಿರುವ ಹೊಲದ ಅಂಚಿನಲ್ಲಿ ನಾಯಿಯೊಡನೆ ಕಾವಲು ನಿಲ್ಲುತ್ತಾರೆ; ಎದ್ದುಹೋದ ಮೇಲೆ ನೆಲದಲ್ಲಿ ಉಳಿಯುವದು ಗೊಬ್ಬರ. ಮುಂದಿನ ವರ್ಷ ಒಡೆಯನೇ ಅವರ ದಾರಿಯನ್ನು ನೋಡುತ್ತಾನೆ. ಬಂದರೆ ಕಾಳನ್ನೋ ಹಣವನ್ನೋ ಕೊಡುತ್ತಾನೆ. ಅಕ್ಷರ ಬಲ್ಲವರಾದ ನಾವು ಅವರಿಂದ ಕಲಿಯಬೇಕಾದ ಶಾಸ್ತ್ರವು ಇದೇ.

ಆದುದರಿಂದ ಅತಿಥಿಯು ಒಳ್ಳೆಯವನೋ ಅಲ್ಲವೋ ಎಂಬದನ್ನು ಅವನು ಬಂದಾಗ ಆಡಿದ ಸವಿಮಾತಿನಿಂದ ಅಳೆಯಲಾಗದು. ಅವನು ಹೋದ ಮರುದಿನ ಬೆಳಿಗ್ಗೆ ಒಡೆಯನು ಹೊಲವನ್ನು ಸುತ್ತಿ ಬರುವಾಗ ಏನನ್ನು ಕಾಣುತ್ತಾನೆ? ಅಗಳಿ ಹಾಕಿದ ಬಾಗಿಲು, ಮುರಿಯದ ಬೇಲಿ, ತುಳಿಯದ ಸಾಲು, ಬೂದಿ ಮುಚ್ಚಿ ಆರಿಸಿದ ಒಲೆ. ಯಾರೋ ಬಂದಿದ್ದರೆಂಬದಕ್ಕೆ ಗುರುತೇ ಇಲ್ಲದಿದ್ದರೆ ಅಲ್ಲಿಗೆ ಬಂದವನು ದೇವರೆಂಬ ಮಾತಿಗೆ ಅರ್ಹನಾದನು; ದೇವರಾದರೂ ಬಂದುಹೋದ ಗುರುತನ್ನು ಬಿಡುವದಿಲ್ಲವಷ್ಟೆ.